ರಿಪೋರ್ಟ್ ನಾರ್ಮಲ್ ಬಂದರೂ ನೋವು ನಿಜ

ಹೊಟ್ಟೆಯ ಮೇಲ್ಭಾಗದಲ್ಲಿ ಎದ್ದ ನೋವು ಬೆನ್ನಿಗೆ ಹಾಯುತ್ತದೆ. ಉಂಡರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ತುಸು ಹಿತ. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗುತ್ತಲೇ ವರ್ಷಗಳು ಕಳೆಯುತ್ತವೆ. ಕೊನೆಗೊಮ್ಮೆ ರಕ್ತ ಕೊಟ್ಟರೆ ಅಮೈಲೇಸ್, ಲೈಪೇಸ್ ಎರಡೂ ನಾರ್ಮಲ್! ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ, ಎಷ್ಟೋ ಸಲ ಕಣ್ತಪ್ಪುವುದು ಇಲ್ಲೇ.

ಜಠರದ ಹಿಂದೆ ಅಡಗಿರುವ ಮೇದೋಜ್ಜೀರಕ ಗ್ರಂಥಿ ಜೀರ್ಣರಸವನ್ನೂ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಅದಕ್ಕೆ ದಿಢೀರನೆ ಉರಿಯೂತ ಬಂದಾಗ ಅಮೈಲೇಸ್, ಲೈಪೇಸ್ ಕಿಣ್ವಗಳು ರಕ್ತಕ್ಕೆ ಸೋರಿ, ಸಾಮಾನ್ಯ ಮಿತಿಯ 3 ಪಟ್ಟಿಗೂ ಮೇಲೇರುತ್ತವೆ. ಆದರೆ ಕಾಯಿಲೆ ಹಳೆಯದಾದಂತೆ ಗ್ರಂಥಿ ನಾರುಗಟ್ಟುತ್ತದೆ. ಸೋರಲು ಹೆಚ್ಚು ಕಿಣ್ವ ಉಳಿದಿರುವುದಿಲ್ಲ. ಹಾಗಾಗಿ ಇವೆರಡು ನಾರ್ಮಲ್ ಎಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ.

ಹಾಗಾದರೆ ರಕ್ತ ಪರೀಕ್ಷೆ ಏಕೆ? ಮೊದಲನೆಯದು, ಕಾರಣ ಹುಡುಕಲು: ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 1000 ಮಿ.ಗ್ರಾಂ. ದಾಟಿದೆಯೇ, ಕ್ಯಾಲ್ಸಿಯಂ ಏರಿದೆಯೇ, ಐಜಿಜಿ4 ಎಂಬ ಪ್ರತಿಕಾಯ ಹೆಚ್ಚಿದೆಯೇ? ಎರಡನೆಯದು, ಹಾನಿ ಅಳೆಯಲು: ಎಚ್‌ಬಿಎ1ಸಿ ಸಕ್ಕರೆ ಕಾಯಿಲೆಯನ್ನು ತೋರಿಸುತ್ತದೆ, ವಿಟಮಿನ್ ಡಿ ಕೊರತೆ ಜಿಡ್ಡು ಅರಗದಿರುವುದರ ಸುಳಿವಾಗಬಹುದು, ಬಿಲಿರುಬಿನ್ ಏರಿದ್ದರೆ ಪಿತ್ತನಾಳ ಒತ್ತಿಹೋಗಿದೆಯೇ ಎಂದು ನೋಡಬೇಕಾಗುತ್ತದೆ. ಗ್ರಂಥಿಯ ಕಲ್ಲು, ಹಿಗ್ಗಿದ ನಾಳ ಸ್ಪಷ್ಟವಾಗಿ ಕಾಣಲು ಮಾತ್ರ ಸಿ.ಟಿ. ಅಥವಾ ಎಂಆರ್‌ಸಿಪಿಯಂಥ ಸ್ಕ್ಯಾನ್ ಬೇಕು.

ಇದು ಕುಡುಕರ ಕಾಯಿಲೆ ಎಂಬ ಮಾತು ದಕ್ಷಿಣ ಭಾರತದಲ್ಲಿ ದೊಡ್ಡ ಅನ್ಯಾಯ. ಹೆಂಡ ಮುಟ್ಟದ ಹುಡುಗ ಹುಡುಗಿಯರಲ್ಲೂ ಗ್ರಂಥಿಯಲ್ಲಿ ಕಲ್ಲು ಕಟ್ಟುವ ಬಗೆಯೊಂದನ್ನು ಕೇರಳದ ವೈದ್ಯ ಗೀವರ್ಗೀಸ್ 1960ರ ದಶಕದಲ್ಲೇ ವಿವರವಾಗಿ ದಾಖಲಿಸಿದ್ದರು. ಇಂಥ ಹಲವರಲ್ಲಿ ಸ್ಪಿಂಕ್1 ಜೀನಿನ ದೋಷ ಕಂಡುಬಂದಿದೆ. ನೋವಿನಲ್ಲಿರುವವರ ಮೇಲೆ ಅನುಮಾನದ ಭಾರವನ್ನೂ ಹೇರುವುದು ಬೇಡ.

ರಕ್ತ ಪರೀಕ್ಷೆಯನ್ನು ಊರಿನ ಹತ್ತಿರಕ್ಕೇ ತರುವ ದಾರಿಯೂ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಅದೇ ಸಂಸ್ಥೆಯ ನವಕಾಂತ ಭಟ್ ಅವರ ಸಂಶೋಧನೆಯಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿ, ಎಚ್‌ಬಿಎ1ಸಿಯನ್ನು ಅಂಗೈಯಗಲದ ಉಪಕರಣದಲ್ಲೇ ಅಳೆಯುವ ದಾರಿ ತೋರಿಸಿದೆ. ದೊಡ್ಡ ಆಸ್ಪತ್ರೆಗೆಂದು ಚಳ್ಳಕೆರೆಯವರು ಚಿತ್ರದುರ್ಗ, ದಾವಣಗೆರೆಗೂ, ಮೊಳಕಾಲ್ಮೂರಿನವರು ಬಳ್ಳಾರಿಗೂ ಬಸ್ ಹತ್ತುವ ಈ ಸೀಮೆಗೆ ಇಂಥ ಪರೀಕ್ಷೆಗಳು ಊರ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಯಾರನ್ನು ಸ್ಕ್ಯಾನಿಂಗ್‌ಗೆ ತಡಮಾಡದೆ ಕಳಿಸಬೇಕೆಂಬುದು ಆಗ ಬೇಗ ತಿಳಿದೀತು.

ಮರುಕಳಿಸುವ ಹೊಟ್ಟೆನೋವು, ಇಳಿಯುತ್ತಿರುವ ತೂಕ, ಎಣ್ಣೆಯಂತೆ ಜಿಡ್ಡುಜಿಡ್ಡಾದ ಮಲ, ಹೊಸದಾಗಿ ಕಾಣಿಸಿದ ಶುಗರ್: ಇವನ್ನು ಬಿಡಿಬಿಡಿಯಾಗಿ ಹೇಳಬೇಡಿ, ಒಟ್ಟಿಗೇ ಡಾಕ್ಟರಿಗೆ ಹೇಳಿ. ಹಳೆಯ ರಿಪೋರ್ಟುಗಳನ್ನೂ ಜೊತೆಗೆ ಒಯ್ಯಿರಿ. ಕುಡಿತ, ಬೀಡಿ, ಸಿಗರೇಟು ಇದ್ದರೆ ಇಂದೇ ಬಿಡಿ. ಹಾಳಾದ ಗ್ರಂಥಿ ಮತ್ತೆ ಮೊದಲಿನಂತಾಗದು. ಉಳಿದಷ್ಟನ್ನು ಕಾಪಾಡಿಕೊಳ್ಳಲು, ನೋವಿಗೆ ಚಿಕಿತ್ಸೆ ಪಡೆಯಲು, ಕಿಣ್ವದ ಮಾತ್ರೆಯಿಂದ ಉಂಡ ಅನ್ನ ಮೈಗೆ ಹತ್ತುವಂತೆ ಮಾಡಲು ಖಂಡಿತ ಸಾಧ್ಯ.