ಮನೆವಾರ್ತೆಯೂ ವಿದ್ಯುತ್ತಿನ ಮಿತವ್ಯಯವೂ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಹಾಸಿಗೆಯೇ ಪುಕ್ಕಟೆಯಾಗಿ ದೊರೆತಾಗ ಕಾಲನ್ನು ಎಷ್ಟು ಚಾಚಬೇಕೆಂಬುದನ್ನು ಆ ಗಾದೆಯು ಹೇಳುವದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಗೃಹಸ್ಥರ ಎದುರಿಗೆ ಇಂದು ಬಂದು ನಿಂತಿರುವ ಪ್ರಶ್ನೆಯು ಇದೇ ಆಗಿದೆ.

ರಾಜ್ಯ ಸರಕಾರವು 2023ನೆಯ ಇಸವಿಯಲ್ಲಿ ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದ ಬಳಿಕ, ತಿಂಗಳಿಗೆ 200 ಯೂನಿಟ್ಟುಗಳ ಒಳಗೆ ವಿದ್ಯುತ್ತನ್ನು ಬಳಸುವ ಮನೆಗಳಿಗೆ ಸೊನ್ನೆಯ ಬಿಲ್ಲು ಬರತೊಡಗಿತು. ಒಂದೇ ದೀಪದ ಬೆಳಕಿನಲ್ಲಿ ಮಕ್ಕಳನ್ನು ಓದಿಸುವ ಬಡ ತಾಯಿಗೆ ಇದರಿಂದಾದ ಉಪಕಾರವನ್ನು ನಾವು ಬಲ್ಲೆವು; ಅದಕ್ಕೆ ನಮ್ಮ ಆಕ್ಷೇಪವು ಎಳ್ಳಷ್ಟೂ ಇಲ್ಲ. ನಮ್ಮ ಮಾತೇನಿದ್ದರೂ ಪಕ್ಕಾ ಮನೆಯಲ್ಲಿ ವಾಸಿಸುವ, ನಾಲ್ಕು ಅಕ್ಷರ ಬಲ್ಲ ನಮ್ಮಂಥವರೊಡನೆ. ಮೊದಲು ಬಿಲ್ಲು ಬಂದ ದಿನ ಮನೆಯ ಯಜಮಾನರು ಕನ್ನಡಕವನ್ನೇರಿಸಿ ಅಂಕಿಗಳನ್ನು ಓದುತ್ತಿದ್ದರು; ಈಗ ಸೊನ್ನೆಯನ್ನು ಕಂಡೊಡನೆ ಕಾಗದವನ್ನು ಮಡಚಿ ಬಿಸುಡುತ್ತಾರೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತದೆ. ಮಾಳಿಗೆಯ ಮೇಲಿನ ಟಾಕಿಯು ತುಂಬಿ ಚೆಲ್ಲುವವರೆಗೆ ಪಂಪು ನಡೆಯುತ್ತದೆ. ಕೇಳಿದರೆ, 'ಬಿಲ್ಲು ಹೇಗೂ ಬರುವದಿಲ್ಲವಲ್ಲ' ಎಂಬ ಉತ್ತರ. ಯೋಜನೆಯ ಕಟ್ಟಳೆಯನ್ನು ಇಂಥವರು ಮರೆತಿದ್ದಾರೆ. ಪ್ರತಿಯೊಂದು ಮನೆಗೂ 2022-23ರ ಅದರ ಸರಾಸರಿ ಬಳಕೆಯ ಮೇಲಿಂದ ಒಂದು ಮಿತಿಯನ್ನು ಗೊತ್ತುಪಡಿಸಿದರು. ಆ ಮಿತಿಯನ್ನು ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು. 200ನ್ನು ದಾಟಿದರೆ ಇಡಿಯ ಬಿಲ್ಲನ್ನೇ ತೆರಬೇಕು. 199ಕ್ಕೂ 201ಕ್ಕೂ ಇರುವ ಅಂತರವು ಎರಡೇ ಯೂನಿಟ್ಟು. ಕಿಸೆಗೆ ತಗಲುವ ಅಂತರವು ನೂರಾರು ರೂಪಾಯಿ.

ವಿದ್ಯುತ್ತಿನ ಬೆಲೆಯನ್ನು ಅರಿಯೆವೆಂದು ಹೇಳುವ ಅಧಿಕಾರವು ನಮ್ಮ ಭಾಗದವರಿಗಂತೂ ಇಲ್ಲ. ಘಟಪ್ರಭೆಯು ಸುಮಾರು 170 ಅಡಿ ಕೆಳಗೆ ಧುಮುಕುವ ಗೋಕಾಕ ಜಲಪಾತದ ಬಳಿ ಬಹು ಹಿಂದೆಯೇ ನೀರಿನ ಬಲದಿಂದ ವಿದ್ಯುತ್ತನ್ನು ಪಡೆದರೆಂಬುದು ಪ್ರಸಿದ್ಧವಾದ ಸಂಗತಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದ್ದು 1905ರಲ್ಲಿ. ಮುಂದೆ 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಯಿತು. ದೇಶದಲ್ಲಿ ಇಂಥ ಸಂಘಗಳು ಬೆರಳೆಣಿಕೆಯಷ್ಟು. ವಿದ್ಯುತ್ತನ್ನು ಸಗಟಾಗಿ ಕೊಂಡು ತಾಲೂಕಿನ ಹಳ್ಳಿಗಳಿಗೆ ಹಂಚುವ ಈ ಸಂಘದಲ್ಲಿ ಬಳಕೆದಾರನೇ ಸದಸ್ಯನು, ಸದಸ್ಯನೇ ಒಡೆಯನು. ತನ್ನ ಸೊತ್ತನ್ನು ತಾನೇ ಪೋಲು ಮಾಡುವ ಒಡೆಯನಿಗೆ ಲೋಕವು ಯಾವ ಹೆಸರನ್ನು ಕೊಡುತ್ತದೆಂಬುದನ್ನು ನಾವು ಬರೆಯಬೇಕಾಗಿಲ್ಲ.

ಸೊನ್ನೆಯ ಬಿಲ್ಲೆಂದರೆ ಸೊನ್ನೆಯ ಬೆಲೆಯಲ್ಲ. ನಾವು ಕೊಡದ ಹಣವನ್ನು ಸರಕಾರದ ಬೊಕ್ಕಸವು ಕೊಡುತ್ತದೆ. ಬೊಕ್ಕಸವು ತುಂಬುವದು ಉಪ್ಪಿನಿಂದ ಕರ್ಪೂರದವರೆಗೆ ಕೊಳ್ಳುವ ನಮ್ಮೆಲ್ಲರ ತೆರಿಗೆಯಿಂದ. ಇನ್ನು ನಮ್ಮ ಮನೆಗಳಿಗೆ ಬರುವ ವಿದ್ಯುತ್ತೆಲ್ಲವೂ ನೀರಿನಿಂದ ಆದುದಲ್ಲ. 1985ರಿಂದ ರಾಯಚೂರಿನ ಶಾಖೋತ್ಪನ್ನ ಕೇಂದ್ರವು ಕಲ್ಲಿದ್ದಲನ್ನು ಸುಟ್ಟು ನಾಡಿಗೆ ವಿದ್ಯುತ್ತನ್ನು ಒದಗಿಸುತ್ತ ಬಂದಿದೆ. ಇಂಥ ಕೇಂದ್ರಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೂದಿಯಾಗುತ್ತದೆ. ಅದರ ಹೊಗೆಯು ಗಾಳಿಯನ್ನು ಕೆಡಿಸಿ ಭೂಮಿಯ ತಾಪವನ್ನು ಏರಿಸುತ್ತದೆ. ಹುಟ್ಟಿದ ವಿದ್ಯುತ್ತಿನಲ್ಲಿಯೂ ಒಂದು ಪಾಲು ತಂತಿಗಳಲ್ಲಿ ಹರಿದು ಬರುವಾಗ ಸೋರಿಹೋಗುತ್ತದೆ. ಆದುದರಿಂದ ಮನೆಯಲ್ಲಿ ಉಳಿಸಿದ ಒಂದು ಯೂನಿಟ್ಟು ಕೇಂದ್ರದಲ್ಲಿ ಹುಟ್ಟಿಸಿದ ಒಂದಕ್ಕಿಂತ ಹೆಚ್ಚಿನದು.

ಹಾಗಾದರೆ ಉಳಿತಾಯವನ್ನು ಎಲ್ಲಿಂದ ಆರಂಭಿಸಬೇಕು? ದೀಪಗಳ ಮಾತನ್ನು ಬೆಳೆಸಬೇಕಾಗಿಲ್ಲ. 60 ವ್ಯಾಟಿನ ಹಳೆಯ ಬಲ್ಬಿನ ಸ್ಥಾನದಲ್ಲಿ 9 ವ್ಯಾಟಿನ ಎಲ್‌ಇಡಿ ದೀಪವು ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಬಂದಿದೆ. ದೊಡ್ಡ ಸೋರಿಕೆಯು ಬಚ್ಚಲಲ್ಲಿದೆ. 20 ಲೀಟರಿನ ಒಂದು ಬಕೀಟು ನೀರನ್ನು ಜಳಕಕ್ಕೆ ಬೇಕಾದಷ್ಟು ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ಟು ಬೇಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಎರಡು, ತಿಂಗಳಿಗೆ 60 ಯೂನಿಟ್ಟು. ವರ್ಷದ ಬಹುಭಾಗ ಸುಡುಬಿಸಿಲನ್ನು ಕಾಣುವ ನಮ್ಮ ಸೀಮೆಯಲ್ಲಿ ನೀರು ಕಾಯಿಸಲು ಕಲ್ಲಿದ್ದಲನ್ನು ಸುಡುವದು ಹೊಳೆಯ ದಂಡೆಯಲ್ಲಿ ಕುಳಿತು ನೀರನ್ನು ಕೊಂಡು ಕುಡಿದಂತೆಯೇ ಸರಿ. ಮಾಳಿಗೆಯ ಮೇಲೆ ಸೂರ್ಯನ ಶಾಖದಿಂದ ನೀರು ಕಾಯಿಸುವ ಒಂದು ಯಂತ್ರವನ್ನು ಕೂಡಿಸಿದರೆ ಮಳೆಗಾಲದ ಕೆಲವು ವಾರಗಳನ್ನು ಬಿಟ್ಟು ಈ ಖರ್ಚು ಇಲ್ಲವಾಗುವದು.

ಎರಡನೆಯದು ಫ್ಯಾನು. ಹಳೆಯ ಮಾದರಿಯ ಫ್ಯಾನಿಗೆ 75 ವ್ಯಾಟು ಬೇಕು; ಬಿಎಲ್‌ಡಿಸಿ ಎಂಬ ಹೊಸ ಮಾದರಿಗೆ 30 ಸಾಕು. ದಿನಕ್ಕೆ 12 ತಾಸಿನಂತೆ ಎರಡು ಫ್ಯಾನು ತಿರುಗಿದರೆ ಹಳೆಯವು ತಿಂಗಳಿಗೆ 54 ಯೂನಿಟ್ಟನ್ನೂ, ಹೊಸವು 22ನ್ನೂ ತಿನ್ನುತ್ತವೆ. ಬಚ್ಚಲು, ಫ್ಯಾನು ಎರಡೂ ಕೂಡಿ ತಿಂಗಳಿಗೆ 90 ಯೂನಿಟ್ಟು ಉಳಿದವು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ವರ್ಷಕ್ಕೆ 6,480 ರೂಪಾಯಿ. ಅದನ್ನು ನಾವು ಕೊಟ್ಟರೇನು, ಬೊಕ್ಕಸವು ಕೊಟ್ಟರೇನು, ನಾಡಿನ ಹಣವೇ. ಮೂರನೆಯದಕ್ಕೆ ಕಾಸಿನ ಖರ್ಚೂ ಇಲ್ಲ. ರಿಮೋಟಿನಿಂದ ಆರಿಸಿಟ್ಟ ಟಿವಿ ಮತ್ತು ಅದರ ಪೆಟ್ಟಿಗೆಗಳು ಕೂಡಿ 10 ವ್ಯಾಟು ಎಳೆಯುತ್ತಿದ್ದರೂ ತಿಂಗಳಿಗೆ ಏಳು ಯೂನಿಟ್ಟು ಹೋದಂತೆ. ಗೋಡೆಯ ಬಟನ್ನನ್ನು ಆರಿಸಿದರೆ ಮುಗಿಯಿತು. ದಪ್ಪ ಗೋಡೆಯ ಮೇಲೆ ಮಣ್ಣಿನ ಮಾಳಿಗೆಯನ್ನು ಹಾಕಿ, ಬೆಳಕಿಂಡಿಯನ್ನಿಟ್ಟು, ನಮ್ಮ ಹಿರಿಯರು ಹಗಲಿನ ದೀಪವೂ ಫ್ಯಾನೂ ಬೇಡವಾಗುವಂತೆ ಮನೆ ಕಟ್ಟಿದ್ದರು. ಸಿಮೆಂಟಿನ ಛತ್ತಿನ ಕೆಳಗೆ ಬೇಯುವ ನಾವು ಬೇಸಿಗೆಯ ಮುಂಚೆ ಛತ್ತಿಗೆ ಬಿಳಿಯ ಸುಣ್ಣವನ್ನಾದರೂ ಬಳಿಯಬಹುದಷ್ಟೆ.

ಅಡಿಗೆಮನೆಯ ವಿಷಯಕ್ಕೆ ಬಂದರೆ, ಬೇಳೆಕಾಳುಗಳನ್ನು ಮೊದಲೇ ನೆನೆಹಾಕುವದು, ಪಾತ್ರೆಯನ್ನು ಮುಚ್ಚಿ ಬೇಯಿಸುವದು ನಮ್ಮ ತಾಯಂದಿರಿಗೆ ನಾವು ಕಲಿಸಬೇಕಾದ ಪಾಠಗಳಲ್ಲ. ಆದರೆ ಮೂಡಲಗಿಯ ಸುತ್ತಲಿನ ಹಳ್ಳಿಗಳಲ್ಲಿ ಹಿತ್ತಲಿನ ಸೆಗಣಿಯು ಕುಳ್ಳಾಗಿ ಒಲೆಯನ್ನು ಸೇರುವದನ್ನೂ, ಕಬ್ಬಿನ ರವದಿಯು ಹೊಲದಲ್ಲಿಯೇ ಬೆಂಕಿಗೆ ಬೀಳುವದನ್ನೂ ಕಂಡಾಗ ನಮಗೆ ವ್ಯಥೆಯಾಗುತ್ತದೆ. ನಾಲ್ಕೈದು ದನಗಳ ಸೆಗಣಿಯಿಂದ ಒಂದು ಮನೆಯ ಅಡಿಗೆಗೆ ಬೇಕಾದ ಗೋಬರ್ ಗ್ಯಾಸು ದೊರೆಯುತ್ತದೆ. ಉಳಿದ ರಾಡಿಯು ಹೊಲಕ್ಕೆ ಒಳ್ಳೆಯ ಗೊಬ್ಬರ. ಕುಳ್ಳನ್ನು ಸುಟ್ಟರೆ ಗೊಬ್ಬರವೂ ಹೋಯಿತು, ಹೊಗೆಗೆ ಕಣ್ಣೂ ಹೋಯಿತು. ಕಟ್ಟಿಗೆಯಿಂದಲೇ ಅಡಿಗೆ ಮಾಡುವವರಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಒಂದು ಒಲೆಯನ್ನು ರೂಪಿಸಿ ನಾಡಿಗೆ ಕೊಟ್ಟಿದೆ. ಅಸ್ತ್ರ ಒಲೆಯೆಂದು ಹೆಸರಾದ ಅದರಲ್ಲಿ ಕಟ್ಟಿಗೆಯು ಕಡಿಮೆ ಸಾಕು, ಹೊಗೆಯು ಕೊಳವೆಯ ಮೂಲಕ ಹೊರಗೆ ಹೋಗುತ್ತದೆ.

ಅಧಿಕಾರಿಗಳಿಗೂ ಒಂದು ಮಾತು. ಸೂರ್ಯನು ನೆತ್ತಿಯ ಮೇಲೆ ಬಂದಾಗಲೂ ಉರಿಯುತ್ತಿರುವ ಬೀದಿಯ ದೀಪವು ಸಾವಿರ ಉಪದೇಶಗಳನ್ನು ಸುಳ್ಳು ಮಾಡುತ್ತದೆ. ಕಿಟಕಿಯನ್ನು ಮುಚ್ಚಿ ಹಗಲಿನಲ್ಲಿ ದೀಪ ಹಚ್ಚಿಕೊಂಡು ಕುಳಿತ ಕಛೇರಿಯನ್ನು ನೋಡಿ ಬಂದ ಪ್ರಜೆಯು ಮನೆಯಲ್ಲಿ ಬಟನ್ನು ಆರಿಸುವನೇ? ಈ ಆಕ್ಷೇಪದಿಂದ ನಮ್ಮ ಮುದ್ರಣಾಲಯವನ್ನೂ ನಾವು ಹೊರಗಿಡುವದಿಲ್ಲ; ಈ ಲೇಖನವನ್ನು ಬರೆಯಲು ಕುಳಿತಾಗಲೇ ಪಕ್ಕದ ಬರಿದಾದ ಕೋಣೆಯಲ್ಲಿ ಎರಡು ದೀಪಗಳು ಉರಿಯುತ್ತಿದ್ದವು. ಎದ್ದು ಹೋಗಿ ಆರಿಸಿ ಬಂದೆವು.

ವಾಚಕರಲ್ಲಿ ನಮ್ಮ ವಿಜ್ಞಾಪನೆಯು ಸಣ್ಣದು. ಪ್ರತಿ ತಿಂಗಳ 1ನೆಯ ಮತ್ತು 15ನೆಯ ತಾರೀಖಿಗೆ ಮನೆಯ ಮೀಟರಿನ ಅಂಕಿಯನ್ನು ಒಂದು ವಹಿಯಲ್ಲಿ ಬರೆದಿಡಿರಿ; ಬರೆಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿರಿ. ಹಾಲಿನ ಲೆಕ್ಕ, ಕಿರಾಣಿಯ ಲೆಕ್ಕ ಇಡುವ ಮನೆಗೆ ಇದೊಂದು ಭಾರವಲ್ಲ. ಲೆಕ್ಕವಿದ್ದಲ್ಲಿ ಪೋಲು ಬಹುಕಾಲ ಅಡಗಿರಲಾರದು. ಸರಕಾರದ ಸವಲತ್ತು ಇಂದು ಇರುವದು, ನಾಳೆ ಬದಲಾಗಬಹುದು. ಮನೆಯವರು ರೂಢಿಸಿಕೊಂಡ ಮಿತವ್ಯಯವನ್ನು ಯಾವ ಆಜ್ಞೆಯೂ ಕಸಿದುಕೊಳ್ಳಲಾರದು.