ಒಬ್ಬರಿಗಾಗಿ ಒಂದು ಔಷಧ

ಕೆಲವು ದಶಕಗಳ ಹಿಂದೆ ನಮ್ಮ ಊರುಗಳ ವೈದ್ಯಶಾಲೆಗಳಲ್ಲಿ ವೈದ್ಯರ ಕೊಠಡಿಯ ಪಕ್ಕದಲ್ಲೇ ಮರದ ಅಡ್ಡಗೋಡೆಯೊಂದು ಇರುತ್ತಿತ್ತು. ಅದರಲ್ಲಿ ಒಂದು ಸಣ್ಣ ಕಿಂಡಿ. ಕಿಂಡಿಯ ಆಚೆ ಸಾಲಾಗಿ ಜೋಡಿಸಿದ ಗಾಜಿನ ಜಾಡಿಗಳು, ಪುಟ್ಟ ತಕ್ಕಡಿ, ಪಿಂಗಾಣಿಯ ಕಲ್ಬತ್ತು, ಗೆರೆ ಎಳೆದ ಅಳತೆಯ ಗಾಜು. ಅವುಗಳ ನಡುವೆ ನಿಂತು, ವೈದ್ಯರ ಚೀಟಿಯನ್ನು ಓದಿ, ಮದ್ದನ್ನು ಬೆರೆಸಿ ಕೊಡುತ್ತಿದ್ದವರು ಕಾಂಪೌಂಡರ್. ಹಲವು ದ್ರವ್ಯಗಳನ್ನು ಕೂಡಿಸಿ ಒಂದು ಮಾಡುವವರು ಎಂಬುದೇ ಆ ಹೆಸರಿನ ಅರ್ಥ. ರೋಗಿಗಳು ಮನೆಯಿಂದ ತಂದ ಸೀಸೆಗೆ ಅವರು ಮದ್ದನ್ನು ತುಂಬಿ, ಅದರ ಮಗ್ಗುಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸುತ್ತಿದ್ದರು. ಒಂದು ಹಲ್ಲಿನ ಅಳತೆ ಒಂದು ಹೊತ್ತಿನ ಮದ್ದು. ಅಕ್ಷರ ಬಾರದವರಿಗೂ ಆ ಪಟ್ಟಿ ತಪ್ಪದೆ ದಾರಿ ತೋರುತ್ತಿತ್ತು. “ಕುಡಿಯುವ ಮೊದಲು ಚೆನ್ನಾಗಿ ಅಲುಗಾಡಿಸಿ” ಎಂದು ಅವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮಾತು ವಾಡಿಕೆಯ ಮಾತಿನಂತೆ ಕೇಳಿಸಿದರೂ ಅದರಲ್ಲಿ ಆಳವಾದ ಅರ್ಥವಿತ್ತು.

ಕಾರ್ಖಾನೆಗಳು ಬೆಳೆದಂತೆ ಈ ದೃಶ್ಯ ಮರೆಯಾಯಿತು. ಇಂದು ಬಹುಪಾಲು ಔಷಧಗಳು ಮಾತ್ರೆಗಳಾಗಿ, ಸಿದ್ಧಪಡಿಸಿದ ದ್ರವಗಳಾಗಿ ಅಂಗಡಿಗೆ ಬರುತ್ತವೆ. ಇದರಿಂದ ಆದ ಲಾಭ ಸಣ್ಣದಲ್ಲ. ಒಂದೇ ತೂಕದ, ಒಂದೇ ಗುಣದ ಲಕ್ಷಾಂತರ ಮಾತ್ರೆಗಳನ್ನು ಯಂತ್ರಗಳು ತಯಾರಿಸುತ್ತವೆ. ಪ್ರತಿಯೊಂದು ತಂಡವೂ ಪ್ರಯೋಗಶಾಲೆಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಆದರೆ ಯಂತ್ರವು ಲಕ್ಷ ಜನರಿಗಾಗಿ ತಯಾರಿಸುತ್ತದೆಯೇ ಹೊರತು ಒಬ್ಬರಿಗಾಗಿ ಅಲ್ಲ. ಹುಟ್ಟಿ ಕೆಲವೇ ವಾರಗಳಾದ ಹಸುಳೆ, ನುಂಗುವ ಶಕ್ತಿಯನ್ನು ಕಳೆದುಕೊಂಡ ವೃದ್ಧ, ಮಾತ್ರೆಗೆ ಸೇರಿಸಿದ ಬಣ್ಣವೇ ಮೈಗೆ ಒಗ್ಗದ ರೋಗಿ, ಇಂಥವರಿಗೆ ಕಾರ್ಖಾನೆಯ ಮಾತ್ರೆ ಇದ್ದೂ ಇಲ್ಲದಂತೆ. ಆಗ ಔಷಧವನ್ನು ಅವರೊಬ್ಬರಿಗೆಂದೇ ಕೈಯಿಂದ ತಯಾರಿಸಬೇಕಾಗುತ್ತದೆ. ಹಳೆಯ ಕಾಂಪೌಂಡರರ ಈ ವಿದ್ಯೆಯನ್ನು ಇಂದು ಆಸ್ಪತ್ರೆಗಳ ಔಷಧ ವಿಭಾಗದಲ್ಲಿ ಫಾರ್ಮಸಿಸ್ಟರು ಮುಂದುವರಿಸಿದ್ದಾರೆ. ಅಮೆರಿಕದಂಥ ದೇಶಗಳಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಫಾರ್ಮಸಿ ತಂತ್ರಜ್ಞರೆಂಬ ಸಹಾಯಕರೂ ಈ ಕೆಲಸವನ್ನು ಮಾಡುತ್ತಾರೆ.

ಈ ಕಾರ್ಯ ಕಲ್ಬತ್ತಿನಿಂದ ಅಲ್ಲ, ಲೆಕ್ಕದಿಂದ ಆರಂಭವಾಗುತ್ತದೆ. ಆರು ಕಿಲೋಗ್ರಾಂ ತೂಕದ ಒಂದು ಮಗುವಿಗೆ ಹೃದಯದ ಕಾಯಿಲೆ ಇದೆಯೆಂದು ಭಾವಿಸೋಣ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ೦.೫ ಮಿಲಿಗ್ರಾಂನಂತೆ ಒಂದು ಹೊತ್ತಿಗೆ ಔಷಧ ಕೊಡಬೇಕೆಂದು ವೈದ್ಯರು ಬರೆದಿದ್ದಾರೆ. ಅಂದರೆ ಮಗುವಿಗೆ ಬೇಕಾದುದು ೩ ಮಿಲಿಗ್ರಾಂ. ದೊರೆಯುವ ಮಾತ್ರೆಯಲ್ಲಾದರೋ ೨೫ ಮಿಲಿಗ್ರಾಂ ಔಷಧವಿದೆ. ಅದನ್ನು ಚಾಕುವಿನಿಂದ ಎಂಟು ಸಮಭಾಗ ಮಾಡುವುದು ಯಾರಿಂದಲೂ ಆಗದು. ಆದ್ದರಿಂದ ನಾಲ್ಕು ಮಾತ್ರೆಗಳನ್ನು ಪುಡಿಮಾಡಿ, ತಕ್ಕ ದ್ರವದಲ್ಲಿ ಬೆರೆಸಿ, ಒಟ್ಟು ೧೦೦ ಮಿಲಿಲೀಟರ್ ಮಾಡಲಾಗುತ್ತದೆ. ಆಗ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಔಷಧವಿರುತ್ತದೆ; ಮೂರು ಮಿಲಿಲೀಟರ್ ಕುಡಿಸಿದರೆ ಮಗುವಿಗೆ ಬೇಕಾದ ಪ್ರಮಾಣ ಸರಿಯಾಗಿ ಸಲ್ಲುತ್ತದೆ.

ಲೆಕ್ಕ ಸುಲಭವೆಂದು ತೋರಬಹುದು. ಆದರೆ ದಶಮಾಂಶ ಬಿಂದುವೊಂದು ಕಣ್ತಪ್ಪಿ ೦.೫ ಎಂಬುದನ್ನು ೫ ಎಂದು ಓದಿದರೆ ಮಗುವಿಗೆ ಸಲ್ಲುವುದು ೩ ಮಿಲಿಗ್ರಾಂ ಅಲ್ಲ, ೩೦ ಮಿಲಿಗ್ರಾಂ. ಶಾಲೆಯ ಪರೀಕ್ಷೆಯಲ್ಲಿ ಬಿಂದು ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ಪ್ರಾಣವೇ ಹೋಗಬಹುದು. ಆದಕಾರಣ ಬಿಂದುವಿನ ಹಿಂದೆ ಸೊನ್ನೆಯನ್ನು ಬರೆಯದೆ ಇರಬಾರದು, ಪೂರ್ಣಾಂಕದ ಮುಂದೆ ಬಿಂದು ಮತ್ತು ಸೊನ್ನೆಯನ್ನು ಬರೆಯಬಾರದು ಎಂಬ ನಿಯಮವನ್ನು ಈ ವೃತ್ತಿಯವರು ಪಾಲಿಸುತ್ತಾರೆ. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ನೋಡದೆ ಬೇರೆಯಾಗಿಯೇ ಮಾಡಿ, ಅನಂತರ ಎರಡನ್ನೂ ಹೋಲಿಸುತ್ತಾರೆ.

ಇನ್ನು ತಯಾರಿಕೆ. ಎಲ್ಲ ಮಾತ್ರೆಗಳನ್ನೂ ಪುಡಿಮಾಡಲಾಗದು. ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಕರಗುವಂತೆ ರಚಿಸಿದ ಮಾತ್ರೆಯನ್ನು ಅರೆದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತವನ್ನು ಸೇರುತ್ತದೆ. ಆದ್ದರಿಂದ ಪರೀಕ್ಷಿಸಿ ಪ್ರಕಟಿಸಿದ ಸೂತ್ರವನ್ನು ಮೊದಲು ನೋಡಿಕೊಳ್ಳಬೇಕು. ಜಾಡಿಯ ಮೇಲಿನ ಚೀಟಿಯನ್ನು ಮೂರು ಸಲ ಓದುವುದು ಹಿಂದಿನಿಂದ ಬಂದ ಶಿಸ್ತು: ಕೈಗೆ ಎತ್ತಿಕೊಳ್ಳುವಾಗ ಒಮ್ಮೆ, ತೂಗುವಾಗ ಒಮ್ಮೆ, ಮರಳಿ ಇಡುವಾಗ ಮತ್ತೊಮ್ಮೆ. ಅತ್ಯಲ್ಪ ಪ್ರಮಾಣದ ಔಷಧವನ್ನು ಹೆಚ್ಚು ಪುಡಿಯೊಂದಿಗೆ ಕೂಡಿಸುವ ಕ್ರಮವೂ ಗಮನಾರ್ಹವಾದುದು. ಒಂದು ಸೇರು ಹಿಟ್ಟಿಗೆ ಚಿಟಿಕೆ ಅರಿಸಿನವನ್ನು ಒಮ್ಮೆಲೇ ಹಾಕಿದರೆ ಒಂದೆಡೆ ಹಳದಿ, ಇನ್ನೊಂದೆಡೆ ಬಿಳಿ ಉಳಿಯುತ್ತದೆ. ಅದರ ಬದಲು ಅರಿಸಿನದಷ್ಟೇ ಹಿಟ್ಟನ್ನು ಮೊದಲು ಬೆರೆಸಿ, ಆ ಮಿಶ್ರಣದಷ್ಟೇ ಹಿಟ್ಟನ್ನು ಮತ್ತೆ ಸೇರಿಸಿ, ಹೀಗೆ ಇಮ್ಮಡಿಯಾಗಿಸುತ್ತ ಹೋದರೆ ಬಣ್ಣ ಎಲ್ಲೆಡೆಗೂ ಸಮನಾಗಿ ಹರಡುತ್ತದೆ. ಔಷಧವನ್ನೂ ಹೀಗೆಯೇ ಬೆರೆಸುತ್ತಾರೆ.

ದ್ರವವನ್ನು ತಯಾರಿಸುವಾಗ ಪುಡಿಗೆ ಮೊದಲು ಕೆಲವೇ ಹನಿಗಳನ್ನು ಹಾಕಿ ನುಣ್ಣನೆಯ ಮುದ್ದೆಯಾಗುವಂತೆ ಅರೆಯುತ್ತಾರೆ. ಬಳಿಕ ಸ್ವಲ್ಪ ಸ್ವಲ್ಪವೇ ದ್ರವವನ್ನು ಸೇರಿಸಿ ಅಳತೆಯ ಗಾಜಿಗೆ ಸುರಿಯುತ್ತಾರೆ. ಕಲ್ಬತ್ತಿಗೆ ಅಂಟಿದುದನ್ನೂ ತೊಳೆದು ಅದಕ್ಕೇ ಸೇರಿಸುತ್ತಾರೆ. ಅಂಟಿ ಉಳಿದುದು ರೋಗಿಗೆ ಸಲ್ಲಬೇಕಾದ ಔಷಧವಷ್ಟೇ! ಗಾಜನ್ನು ಸಮತಲದ ಮೇಲೆ ಇಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಮೇಲ್ಮೈಯ ಬಾಗಿನ ತಳವನ್ನು ನೋಡಿ ಅಳತೆಯನ್ನು ಓದುತ್ತಾರೆ. ಕರಗದ ಪುಡಿ ಕಾಲಕ್ರಮದಲ್ಲಿ ತಳಕ್ಕೆ ಇಳಿಯುತ್ತದೆ. ಅಲುಗಾಡಿಸದೆ ಕುಡಿಸಿದರೆ ಮೊದಲ ದಿನಗಳಲ್ಲಿ ಮಗುವಿಗೆ ದೊರೆಯುವುದು ಬರಿಯ ಸಿಹಿನೀರು; ಕೊನೆಯ ದಿನಗಳಲ್ಲಿ ದೊರೆಯುವುದು ಮಿತಿಮೀರಿದ ಔಷಧ. ಹಳೆಯ ಕಾಂಪೌಂಡರರು ಹೇಳುತ್ತಿದ್ದ ಮಾತಿನ ಮರ್ಮ ಇದೇ. ಹೀಗೆ ಕೈಯಿಂದ ತಯಾರಿಸಿದ ಔಷಧದ ಆಯುಷ್ಯವೂ ಕಡಮೆ. ಕೆಡದಂತೆ ಕಾಯುವ ದ್ರವ್ಯವನ್ನು ಸೇರಿಸದ, ನೀರಿನ ಅಂಶವುಳ್ಳ ದ್ರವವನ್ನು ಬೇರೆ ಪರೀಕ್ಷೆಯ ಆಧಾರವಿಲ್ಲದಿದ್ದರೆ ಶೀತಕದಲ್ಲಿಟ್ಟು ೧೪ ದಿನಗಳೊಳಗೆ ಬಳಸಬೇಕೆಂದು ಅಮೆರಿಕದ ಔಷಧ ಸಂಹಿತೆ ವಿಧಿಸುತ್ತದೆ.

ಬಾಯಿಯ ಮೂಲಕ ಕೊಡುವ ಔಷಧಕ್ಕೇ ಇಷ್ಟು ಎಚ್ಚರ ಬೇಕಾದರೆ, ನೇರವಾಗಿ ರಕ್ತಕ್ಕೆ ಸೇರಿಸುವ ಔಷಧದ ಮಾತು ಇನ್ನೂ ಕಠಿನ. ಅವಧಿಗೆ ಮುನ್ನ ಹುಟ್ಟಿ ಹಾಲನ್ನು ಜೀರ್ಣಿಸಿಕೊಳ್ಳಲಾರದ ಶಿಶುವಿಗೆ ಸಕ್ಕರೆ, ಅಮೈನೋ ಆಮ್ಲ, ಲವಣಗಳನ್ನು ರಕ್ತನಾಳದ ಮೂಲಕವೇ ಉಣಿಸಬೇಕಾಗುತ್ತದೆ. ಈ ಆಹಾರವನ್ನು ಆಯಾ ಶಿಶುವಿನ ತೂಕ ಮತ್ತು ರಕ್ತಪರೀಕ್ಷೆಗೆ ಅನುಗುಣವಾಗಿ ಬೆರೆಸುತ್ತಾರೆ. ಇಲ್ಲಿ ಪ್ರಮಾಣದಂತೆ ಕ್ರಮವೂ ಮುಖ್ಯ. ಫಾಸ್ಫೇಟನ್ನು ಮೊದಲೇ ಬೆರೆಸಿ, ಕ್ಯಾಲ್ಸಿಯಮನ್ನು ಕೊನೆಗೆ ಸೇರಿಸಬೇಕು. ಇವೆರಡೂ ದಟ್ಟವಾಗಿ ಸಂಧಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಹುಟ್ಟಿ ಶ್ವಾಸಕೋಶದ ರಕ್ತನಾಳಗಳನ್ನು ಮುಚ್ಚಿಬಿಡಬಹುದು. ಈ ಕೆಲಸ ನಡೆಯುವುದು ಶುದ್ಧಗಾಳಿ ಒಂದೇ ಸಮನೆ ಹರಿಯುವ ಪೆಟ್ಟಿಗೆಯಂಥ ಮೇಜಿನಲ್ಲಿ. ಅದರ ಶೋಧಕವು ೦.೩ ಮೈಕ್ರೋಮೀಟರ್ ಗಾತ್ರದ ಕಣಗಳಲ್ಲಿ ನೂರಕ್ಕೆ ೯೯.೯೭ರಷ್ಟನ್ನು ತಡೆಯುತ್ತದೆ. ಆದರೂ ಕೆಲಸಮಾಡುವವರ ಕೈ ಆ ಗಾಳಿಗೂ ಸೂಜಿಯ ಮೊನೆಗೂ ನಡುವೆ ಬಂದರೆ ಯಂತ್ರದ ಶ್ರಮವೆಲ್ಲ ವ್ಯರ್ಥ. ಕ್ಯಾನ್ಸರಿನ ಔಷಧಗಳನ್ನು ಬೆರೆಸುವವರು ಎರಡು ಪದರ ಕೈಚೀಲ ತೊಟ್ಟು ತಮ್ಮನ್ನೂ ಕಾಪಾಡಿಕೊಳ್ಳಬೇಕು. ರೋಗಕೋಶಗಳನ್ನು ಕೊಲ್ಲುವ ಔಷಧ ಆರೋಗ್ಯವಂತರ ಜೀವಕೋಶಗಳನ್ನೂ ಬಿಡುವುದಿಲ್ಲ.

ಈ ನಿಯಮಗಳು ಯಾರ ಹಟದಿಂದಲೂ ಹುಟ್ಟಿದವಲ್ಲ. ಇವುಗಳಲ್ಲಿ ಹಲವುಗಳ ಹಿಂದೆ ಮನುಷ್ಯರ ಮರಣವಿದೆ. ೧೯೩೭ರಲ್ಲಿ ಅಮೆರಿಕದ ಒಂದು ಕಂಪನಿಯು ಸಲ್ಫಾನಿಲಮೈಡ್ ಎಂಬ ಉತ್ತಮ ಔಷಧವನ್ನು ಮಕ್ಕಳಿಗೂ ಕುಡಿಸಲು ಅನುಕೂಲವಾಗುವಂತೆ ದ್ರವರೂಪಕ್ಕೆ ತಂದಿತು. ಅದನ್ನು ಕರಗಿಸಲು ಬಳಸಿದುದು ಡೈಎಥಿಲೀನ್ ಗ್ಲೈಕಾಲ್. ಬಣ್ಣ, ರುಚಿ, ಪರಿಮಳಗಳನ್ನು ಪರೀಕ್ಷಿಸಿದರೇ ಹೊರತು ಅದು ವಿಷವೇ ಎಂದು ಯಾರೂ ಪರೀಕ್ಷಿಸಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂದಿತು. ೧೯೮೬ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಟ್ಟ ಗ್ಲಿಸರಿನ್‌ನಲ್ಲಿ ಅದೇ ವಿಷ ಬೆರೆತಿದ್ದು ೧೪ ಜನ ತೀರಿಕೊಂಡರು. ೨೦೧೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಔಷಧಾಲಯದಲ್ಲಿ ತಯಾರಾದ ಬೆನ್ನುನೋವಿನ ಚುಚ್ಚುಮದ್ದಿನಲ್ಲಿ ಬೂಷ್ಟು ಸೇರಿತ್ತು. ೨೦ ರಾಜ್ಯಗಳ ೭೫೦ಕ್ಕೂ ಹೆಚ್ಚು ಜನ ಕಾಯಿಲೆಬಿದ್ದು, ೬೦ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಒಬ್ಬೊಬ್ಬ ರೋಗಿಗಾಗಿ ತಯಾರಿಸಬೇಕಾದ ಔಷಧವನ್ನು ಅಲ್ಲಿ ಸಾವಿರಗಟ್ಟಲೆ ಸೀಸೆಗಳಲ್ಲಿ ತುಂಬಿ, ನಿರ್ಜಂತುಕವೇ ಎಂಬ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಕಳುಹಿಸಲಾಗಿತ್ತು. ಕಾರ್ಖಾನೆಯ ವೇಗ ಬಂದಿತ್ತು, ಕಾರ್ಖಾನೆಯ ಪರೀಕ್ಷೆ ಬಂದಿರಲಿಲ್ಲ.

ನಮ್ಮ ದೇಶದಲ್ಲಿ ೧೯೪೮ರ ಫಾರ್ಮಸಿ ಕಾಯಿದೆಯು ಈ ವೃತ್ತಿಗೆ ಚೌಕಟ್ಟನ್ನು ಒದಗಿಸಿದೆ. ವೈದ್ಯರ ಚೀಟಿಯ ಮೇಲೆ ಔಷಧವನ್ನು ಬೆರೆಸುವ, ತಯಾರಿಸುವ, ವಿತರಿಸುವ ಅಧಿಕಾರವನ್ನು ಅದು ನೋಂದಾಯಿತ ಫಾರ್ಮಸಿಸ್ಟರಿಗೆ ಮೀಸಲಿಡುತ್ತದೆ. ವೈದ್ಯರು ತಮ್ಮ ರೋಗಿಗಳಿಗೆ ತಾವೇ ಕೊಡುವುದಕ್ಕೆ ವಿನಾಯಿತಿಯುಂಟು. ಫಾರ್ಮಸಿ ಡಿಪ್ಲೊಮಾ ಪಡೆಯಲು ಎರಡು ವರ್ಷಗಳ ವ್ಯಾಸಂಗದೊಡನೆ ೫೦೦ ಗಂಟೆಗಳ ಪ್ರಾಯೋಗಿಕ ತರಬೇತಿಯೂ ಅಗತ್ಯ. ಹಿಂದಿನ ಕಾಂಪೌಂಡರರು ಅನುಭವದಿಂದ ಕಲಿತುದನ್ನು ಇಂದಿನವರು ಶಾಸ್ತ್ರದ ಆಧಾರದಿಂದ ಕಲಿಯುತ್ತಾರೆ.

ಆದರೆ ಕಾನೂನು ಬಾಗಿಲಿನವರೆಗೆ ಮಾತ್ರ ಬರಬಲ್ಲದು. ಒಳಗೆ ತಕ್ಕಡಿಯ ಮುಂದೆ ನಿಂತವರ ಜೊತೆಗಿರುವುದು ಅವರ ಮನಸ್ಸಾಕ್ಷಿಯೇ. ಕಾರ್ಖಾನೆಯ ಸಾವಿರ ಮಾತ್ರೆಗಳಲ್ಲಿ ಕೆಲವನ್ನು ಒಡೆದು ಪರೀಕ್ಷಿಸಬಹುದು. ಒಬ್ಬರಿಗೆಂದು ಮಾಡಿದ ಒಂದೇ ಸೀಸೆಯನ್ನು ಪರೀಕ್ಷೆಗೆಂದು ಮುಗಿಸಿಬಿಟ್ಟರೆ ರೋಗಿಗೆ ಉಳಿಯುವುದೇನು? ಮಾಡುವಾಗಿನ ಎಚ್ಚರವೇ ಅಲ್ಲಿ ಬಹುಮಟ್ಟಿಗೆ ಪರೀಕ್ಷೆಯೂ ಆಗಿರುತ್ತದೆ. ಒಂದು ತೂಕದ ಬಗ್ಗೆ ಸಂದೇಹ ಬಂದರೆ ಅದುವರೆಗಿನ ಶ್ರಮವನ್ನೆಲ್ಲ ಚೆಲ್ಲಿ ಮೊದಲಿನಿಂದ ಆರಂಭಿಸುವುದು ಅಲ್ಲಿ ನಷ್ಟವಲ್ಲ, ಕರ್ತವ್ಯ. ಔಷಧ ಪಡೆಯುವ ತಾಯಿ ಈ ಲೆಕ್ಕವನ್ನು ಕಂಡಿಲ್ಲ, ತಯಾರಿಸಿದವರ ಹೆಸರನ್ನೂ ಕೇಳಿಲ್ಲ. ಚೀಟಿಯಲ್ಲಿ ಬರೆದಂತೆ ಸೀಸೆಯನ್ನು ಅಲುಗಾಡಿಸಿ, ಮೂರು ಮಿಲಿಲೀಟರ್ ಅಳೆದು, ನಂಬಿಕೆಯಿಂದ ಮಗುವಿನ ಬಾಯಿಗೆ ಹಾಕುತ್ತಾಳೆ. ಆ ನಂಬಿಕೆಗೆ ತಕ್ಕವರಾಗಿ ನಡೆದುಕೊಳ್ಳುವುದೇ ಈ ವೃತ್ತಿಯ ಧರ್ಮ.