ಇಸುಬು: ಹೆಸರೊಂದು, ಬಗೆ ಹಲವು

ಮದುವೆಯ ಮನೆಯಲ್ಲಿ ಪಂಕ್ತಿ ಕುಳಿತಿದೆ. ಎಲೆಯ ಮುಂದೆ ಕುಳಿತವರಲ್ಲಿ ಒಬ್ಬರ ಮುಂಗೈಯ ಮೇಲೆ ತೊಗಲು ಒಡೆದು, ಅಲ್ಲಲ್ಲಿ ನೀರೊಸರುವ ಕಲೆಯೊಂದು ಕಾಣುತ್ತದೆ. ಪಕ್ಕದವರು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ತಮ್ಮ ಎಲೆಯನ್ನು ಮಾತ್ರ ಒಂದು ಗೇಣಿನಷ್ಟು ಆಚೆಗೆ ಸರಿಸಿಕೊಳ್ಳುತ್ತಾರೆ. ಕಲೆಯುಳ್ಳವರು ಅದನ್ನು ನೋಡದೆ ಇರುವುದಿಲ್ಲ. ನಾವು ಇಸುಬು ಎಂದೂ ವೈದ್ಯರು ಎಕ್ಸಿಮಾ ಎಂದೂ ಕರೆಯುವ ಈ ವ್ಯಾಧಿಯಿಂದ ಪ್ರಾಣಾಪಾಯವು ಬಹಳ ಅಪರೂಪ. ಆದರೆ ಅದು ನಿದ್ದೆಯನ್ನು ಕೆಡಿಸುತ್ತದೆ, ಜೀವನದ ಕಸುಬನ್ನು ಬಿಡಿಸುತ್ತದೆ, ನೆಂಟರಿಷ್ಟರ ನಡುವೆಯೂ ಮನುಷ್ಯನನ್ನು ಒಂಟಿಯಾಗಿಸುತ್ತದೆ. ಆದುದರಿಂದ ಅದು ಯಾವುದು, ಅದರಲ್ಲಿ ಎಷ್ಟು ಬಗೆ, ಎಷ್ಟು ಜನರಿಗೆ ಅದು ಬರತಕ್ಕದ್ದು ಎಂಬುದನ್ನು ಕೊಂಚ ವಿಚಾರಿಸೋಣ.

ಮೊಟ್ಟಮೊದಲು ತಿಳಿಯಬೇಕಾದದ್ದು, ಇಸುಬು ಅಂಟುಜಾಡ್ಯವಲ್ಲವೆಂಬುದು. ಮುಟ್ಟುವುದರಿಂದಾಗಲಿ, ಒಟ್ಟಿಗೆ ಉಣ್ಣುವುದರಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಅದು ಇನ್ನೊಬ್ಬರಿಗೆ ಬರುವುದಿಲ್ಲ. ಈ ಭ್ರಾಂತಿಗೆ ಹೆಸರುಗಳ ಗೊಂದಲವೂ ಒಂದು ಕಾರಣ. ಕಜ್ಜಿಯು ತೊಗಲಿನೊಳಗೆ ಬಿಲ ತೋಡುವ ಅತಿ ಸಣ್ಣ ಕ್ರಿಮಿಯಿಂದ ಹುಟ್ಟುತ್ತದೆ. ಹುಳುಕಡ್ಡಿಗೆ, ಹೆಸರಿನಲ್ಲಿ ಹುಳುವಿದ್ದರೂ, ಕಾರಣವು ಒಂದು ಜಾತಿಯ ಬೂಷ್ಟು. ಇವೆರಡೂ ಅಂಟುವಂಥವು. ಗಜಕರ್ಣವೆಂಬ ಹೆಸರನ್ನಂತೂ ಒಬ್ಬೊಬ್ಬರು ಒಂದೊಂದು ರೋಗಕ್ಕೆ ಸಲ್ಲಿಸುತ್ತಾರೆ. ಇಸುಬಾದರೋ ತೊಗಲಿನಲ್ಲಿಯೇ ಏಳುವ ಉರಿಯೂತ. ಕೆರೆದ ಗಾಯದಲ್ಲಿ ಕೀವು ತುಂಬಿದರೆ ಅದು ಬೇರೆ ಮಾತು. ಆಗ ಅದಕ್ಕೆ ಪ್ರತ್ಯೇಕ ಚಿಕಿತ್ಸೆಯುಂಟು.

ಎಕ್ಸಿಮಾ ಎಂಬ ಪದವು ಗ್ರೀಕ್ ಭಾಷೆಯದು. ಕುದಿದು ಹೊರಕ್ಕೆ ಉಕ್ಕುವುದೆಂದು ಅದರ ಅರ್ಥ. ತೊಗಲಿನ ಮೇಲೆ ಸಣ್ಣ ನೀರುಗುಳ್ಳೆಗಳು ಎದ್ದು ಒಡೆಯುವುದನ್ನು ಕಂಡವರಿಗೆ ಈ ಹೆಸರು ಒಪ್ಪುವಂಥದೇ ಎಂದು ತೋರುತ್ತದೆ. ಆದರೆ ಅದು ನೋಟವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಜ್ವರವೆಂದ ಮಾತ್ರಕ್ಕೆ ಯಾವ ಜ್ವರವೆಂದು ತಿಳಿಯದಷ್ಟೆ; ಇಸುಬೆಂದಾಗಲೂ ಹಾಗೆಯೇ, ಯಾವ ಇಸುಬು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಚಿಕಿತ್ಸೆಯೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಮುಖ್ಯವಾದ ಬಗೆಗಳಲ್ಲಿ ಮೊದಲನೆಯದು ಆಟೋಪಿಕ್ ಇಸುಬು. 1933ರಲ್ಲಿ ಅಮೆರಿಕದ ವೈಸ್ ಮತ್ತು ಸುಲ್ಜ್‌ಬರ್ಗರ್ ಎಂಬ ವೈದ್ಯರು ಇದಕ್ಕೆ ಆಟೋಪಿಕ್ ಎಂಬ ವಿಶೇಷಣವನ್ನು ಕೊಟ್ಟರು. ಇದು ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿಯೇ ಮೊದಲಾಗುತ್ತದೆ. ಹಸುಗೂಸಿಗೆ ಕೆನ್ನೆಗಳ ಮೇಲೆ, ಬೆಳೆದ ಮಗುವಿಗೆ ಮೊಣಕೈಯ ಮಡಿಕೆಯಲ್ಲಿಯೂ ಮೊಣಕಾಲಿನ ಹಿಂದೆಯೂ ಕಾಣಿಸಿಕೊಂಡು, ಬಂದು ಹೋಗಿ ಮತ್ತೆ ಬರುತ್ತದೆ. ಇಂಥ ಮನೆಗಳಲ್ಲಿ ಉಬ್ಬಸವೂ ಸೀನುನೆಗಡಿಯೂ ಇರುವುದು ಸಾಮಾನ್ಯ. ಇಟ್ಟಿಗೆಯ ಗೋಡೆಯಲ್ಲಿ ಗಾರೆ ಸಡಿಲವಾದರೆ ಒಳಗಿನ ತೇವ ಹೊರಕ್ಕೂ ಹೊರಗಿನ ಧೂಳು ಒಳಕ್ಕೂ ನುಸುಳುವಂತೆ, ಈ ಮಕ್ಕಳ ತೊಗಲು ತನ್ನ ತೇವವನ್ನು ಹಿಡಿದಿಡಲಾರದು. ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷವು ಇದಕ್ಕೆ ಒಂದು ಬಲವಾದ ಕಾರಣವೆಂಬುದು, ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರ ಪರಿಶ್ರಮದಿಂದ 2006ರಲ್ಲಿ ಸ್ಪಷ್ಟವಾಯಿತು. ನಮ್ಮ ಮನೆಗಳಲ್ಲಿ ಇದನ್ನು ‘ನಂಜು’ ಎಂದು ಬಗೆದು, ಹಾಲು, ಮೊಟ್ಟೆ, ಬದನೆಕಾಯಿ ಎಂದು ಒಂದೊಂದಾಗಿ ಮಗುವಿನ ತಟ್ಟೆಯಿಂದ ತೆಗೆಯುವುದುಂಟು. ಕೆಲವು ಮಕ್ಕಳಿಗೆ ಆಹಾರದ ಅಲರ್ಜಿ ನಿಜವಾಗಿಯೂ ಇರುತ್ತದೆ. ಆದರೆ ವೈದ್ಯರು ಪರೀಕ್ಷಿಸಿ ಹೇಳುವುದಕ್ಕೆ ಮುಂಚೆ ಹಾಗೆ ಮಾಡಿದರೆ ಇಸುಬು ಉಳಿದು, ಮಗುವಿನ ಬೆಳವಣಿಗೆ ಮಾತ್ರ ಕುಂದೀತು.

ಎರಡನೆಯದು ಸ್ಪರ್ಶಜನ್ಯ ಇಸುಬು. ಇದರಲ್ಲಿಯೂ ಎರಡು ವಿಧ. ಸಾಬೂನು, ಸೋಡ, ನೀರು ಇವುಗಳ ಸತತ ಘರ್ಷಣೆಯಿಂದ ಯಾರ ತೊಗಲಾದರೂ ಸವೆದು ಕೆರಳಬಹುದು. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ರೋಗಿಗಳ ಶುಶ್ರೂಷೆ ಮಾಡುವ ಕೈಗಳ ಇಸುಬು ಬಹುಮಟ್ಟಿಗೆ ಈ ವಿಧದ್ದು. ಇನ್ನೊಂದು ಅಲರ್ಜಿಯದು. ಗಿಲೀಟಿನ ಓಲೆಯಲ್ಲಿರುವ ನಿಕ್ಕಲ್, ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣ, ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣ ಮೊದಲಾದವು ಸಾವಿರಾರು ಜನರಿಗೆ ಏನೂ ಮಾಡದೆ ಕೆಲವರಿಗೆ ಮಾತ್ರ ಶತ್ರುಗಳಾಗುತ್ತವೆ. ಶತ್ರು ಯಾವುದೆಂದು ಕಂಡುಹಿಡಿಯಲು, ಸಂಶಯಿಸಿದ ಪದಾರ್ಥಗಳನ್ನು ಬೆನ್ನಿಗೆ ಪಟ್ಟಿಯಂತೆ ಅಂಟಿಸಿ ಎರಡು ದಿನ ಬಿಟ್ಟು ನೋಡುವ ವಿಧಾನವನ್ನು ಯಾಡಾಸೋನ್ ಎಂಬ ವೈದ್ಯನು 1895ರಲ್ಲಿ ಪ್ರಕಟಪಡಿಸಿದನು; ಅದು ಇಂದಿಗೂ ಬಳಕೆಯಲ್ಲಿದೆ.

ಈ ವಿಧದಲ್ಲಿ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು ಪಾರ್ಥೇನಿಯಂ ಗಿಡ. ಅಮೆರಿಕ ಖಂಡದ ಈ ಕಳೆಯು 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಜನರ ಗಮನಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಬಯಲುಗಳನ್ನೂ ರೈಲುಹಾದಿಗಳ ಅಂಚನ್ನೂ ಆವರಿಸಿತು. ‘ಕಾಂಗ್ರೆಸ್ ಗಿಡ’ವೆಂದರೆ ಅರಿಯದವರಿಲ್ಲ. ಒಣಗಿದ ಗಿಡದ ಹುಡಿಯು ಗಾಳಿಯಲ್ಲಿ ತೇಲಿಬಂದು ಮುಖ, ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳ ಮೇಲೆ ಕೂತು, ಅಲರ್ಜಿಯುಳ್ಳವರಲ್ಲಿ ಘೋರವಾದ ಇಸುಬನ್ನು ಎಬ್ಬಿಸುತ್ತದೆ. ಹೊಲದಲ್ಲಿ ದುಡಿಯುವ ನಡುವಯಸ್ಸಿನ ಗಂಡಸರು ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಗಿಡವನ್ನು ತಿಂದು ಹಾಕುವ ಮೆಕ್ಸಿಕೋ ದೇಶದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಯಲಿಗೆ ಬಿಡಲಾಯಿತು. ಜೀರುಂಡೆಯು ನೆಲೆಸಿತು, ಆದರೆ ಗಿಡವು ನಾಶವಾಗಲಿಲ್ಲ.

ಉಳಿದ ಬಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ತಲೆ, ಹುಬ್ಬು, ಮೂಗಿನ ಬದಿ ಮುಂತಾದ ಜಿಡ್ಡಿನ ಸ್ಥಳಗಳಲ್ಲಿ ಹೊಟ್ಟಿನೊಡನೆ ಬರುವುದು ಸೆಬೋರಿಕ್ ಇಸುಬು. ತಲೆಹೊಟ್ಟು ಇದರ ಸೌಮ್ಯ ರೂಪ. ಕೈಕಾಲುಗಳ ಮೇಲೆ ರೂಪಾಯಿಯ ಆಕಾರದಲ್ಲಿ ಏಳುವುದು ನಾಣ್ಯಾಕಾರದ ಇಸುಬು; ಹುಳುಕಡ್ಡಿಯೆಂದು ಜನ ಹೆಚ್ಚಾಗಿ ತಪ್ಪು ತಿಳಿಯುವುದು ಇದನ್ನೇ. ಅಂಗೈ ಮತ್ತು ಬೆರಳುಗಳ ಪಕ್ಕದಲ್ಲಿ ಸಬ್ಬಕ್ಕಿಯಂಥ ಗುಳ್ಳೆಗಳಾಗಿ ತೋರುವುದು ಪಾಂಫಾಲಿಕ್ಸ್. ಕಾಲಿನ ನರ ಉಬ್ಬಿ ರಕ್ತವು ಮೇಲಕ್ಕೆ ಸರಿಯಾಗಿ ಹರಿಯದವರಿಗೆ ಹರಡಿನ ಬಳಿ ಕಪ್ಪಿಟ್ಟು ಬರುವುದೊಂದು. ಮುದುಕರಿಗೆ ಚಳಿಗಾಲದಲ್ಲಿ ಮೊಣಕಾಲಿನ ಕೆಳಗೆ, ಒಣಗಿದ ಕೆರೆಯ ತಳದಂತೆ ತೊಗಲು ಬಿರಿದು ಬರುವುದೊಂದು.

ಇನ್ನು ಇದು ಎಷ್ಟು ಸಾಮಾನ್ಯವೆಂಬುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಯಾವುದಾದರೊಂದು ಬಗೆಯ ಇಸುಬುಳ್ಳವರು ಸುಮಾರು ಹತ್ತರಲ್ಲೊಬ್ಬರು ಎಂಬ ಎಣಿಕೆಯುಂಟು. ಕೈಗಳ ಇಸುಬನ್ನೇ ಪ್ರತ್ಯೇಕವಾಗಿ ನೋಡಿದರೆ, ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ 9 ಮಂದಿಯಷ್ಟು ಜನರಿಗೆ ಅದು ಇರುವುದಾಗಿ ಹಲವು ಅಧ್ಯಯನಗಳ ಸಮೀಕ್ಷೆಯಿಂದ ಗೊತ್ತಾಗಿದೆ. ನಿಕ್ಕಲ್ಲಿಗೆ ಅಲರ್ಜಿಯುಳ್ಳವರು ನೂರಕ್ಕೆ ಸುಮಾರು 11. ನಾಣ್ಯಾಕಾರದ ಇಸುಬಾದರೋ ಸಾವಿರಕ್ಕೆ ಇಬ್ಬರಿಗೆ ಮಾತ್ರ. ಮಕ್ಕಳ ಇಸುಬಿನ ವಿಷಯದಲ್ಲಿ ದೇಶದೇಶಕ್ಕೆ ಬಹಳ ಅಂತರವಿದೆ. ಮಕ್ಕಳ ಉಬ್ಬಸ ಮತ್ತು ಅಲರ್ಜಿಗಳನ್ನು ಕುರಿತ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯ 2009ರಲ್ಲಿ ಪ್ರಕಟವಾದ ಭಾಗದಲ್ಲಿ, ಆರೇಳು ವರ್ಷದ ಮಕ್ಕಳ ಪೈಕಿ ಅತಿ ಕಡಿಮೆ ಕಂಡುಬಂದದ್ದು ನಮ್ಮ ದೇಶದ ಜೋಧಪುರದಲ್ಲಿ, ನೂರಕ್ಕೆ 0.9, ಅತಿ ಹೆಚ್ಚು ಕಂಡದ್ದು ಈಕ್ವೆಡಾರ್ ದೇಶದ ಕೀಟೋ ನಗರದಲ್ಲಿ, ನೂರಕ್ಕೆ 22.5. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರವಿರಬೇಕು. ಇಲ್ಲಿ ವೈದ್ಯರು ಪ್ರತಿ ಮಗುವನ್ನೂ ಪರೀಕ್ಷಿಸಲಿಲ್ಲ. ಮಡಿಕೆಗಳಲ್ಲಿ ನವೆಯ ಗುಳ್ಳೆ ಆರು ತಿಂಗಳು ಬಂದು ಹೋಗುತ್ತಿತ್ತೇ ಎಂದು ಪ್ರಶ್ನೆಗಳ ಮೂಲಕ ಕೇಳಿದರು. ಅದಲ್ಲದೆ, ಬಿಳಿಯ ತೊಗಲಿನ ಮೇಲೆ ಕೆಂಪಾಗಿ ಕಾಣುವುದು ನಮ್ಮ ತೊಗಲಿನ ಮೇಲೆ ಬೂದು ಅಥವಾ ಕಡುಗಂದು ಬಣ್ಣವಾಗಿ ಕಾಣುತ್ತದೆ. ಗಮನಿಸದೆ ಬಿಡುವುದು ಸುಲಭ.

ಇಷ್ಟನ್ನೆಲ್ಲ ವಿಂಗಡಿಸಿ ಹೇಳಿದ್ದಕ್ಕೆ ಪ್ರಯೋಜನವುಂಟು. ಕಾರಣ ತಿಳಿದರೆ ಇಸುಬನ್ನು ತಡೆಯಬಹುದು. ಓಲೆ ಮುಂತಾದ ಒಡವೆಗಳಿಂದ ಹೊರಬರುವ ನಿಕ್ಕಲ್ಲಿಗೆ ಡೆನ್ಮಾರ್ಕ್ ದೇಶವು 1990ರಲ್ಲಿ ಕಾನೂನಿನಿಂದ ಮಿತಿ ಹಾಕಿತು. ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಆ ಅಲರ್ಜಿಯು ಬಹಳವಾಗಿ ಇಳಿಯಿತು. ಕಾರಣ ತಿಳಿಯದೆ ಮುಲಾಮು ಹಚ್ಚಿದರೆ ಆಗುವುದೂ ಉಂಟು ಕೇಡು. ಸ್ಟೀರಾಯ್ಡ್ ಮುಲಾಮುಗಳು, ಸರಿಯಾದ ಬಲದಲ್ಲಿ, ಸರಿಯಾದಷ್ಟು ದಿನ ಹಚ್ಚಿದರೆ, ಇಸುಬಿಗೆ ಒಳ್ಳೆಯ ಔಷಧ. ಅವನ್ನೇ ಹುಳುಕಡ್ಡಿಗೆ ಹಚ್ಚಿದರೆ ಮೊದಲು ನವೆ ಅಡಗಿ, ಗುಣವಾಯಿತೆಂದು ತೋರಿ, ಬೂಷ್ಟು ಒಳಗೊಳಗೇ ಮೈಯೆಲ್ಲ ಹರಡುತ್ತದೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ತೊಗಲು ತೆಳ್ಳಗಾಗುತ್ತದೆ. ಇಂಥ ಹದಿನಾಲ್ಕು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರಕಾರವು 2018ರಲ್ಲಿ ನಿಯಮ ಮಾಡಿತು. ನಿಯಮವಿದ್ದರೂ, ಅಂಗಡಿಯಲ್ಲಿ ಕಲೆಯನ್ನು ತೋರಿಸಿ ಕೊಳವೆಯನ್ನು ಕೊಳ್ಳುವ ಅಭ್ಯಾಸವನ್ನು ಬಿಡಬೇಕಾದವರು ನಾವೇ.

ಮನೆಯಲ್ಲಿ ಮಾಡತಕ್ಕದ್ದು ಹೆಚ್ಚೇನಿಲ್ಲ. ಕುದಿಯುವ ನೀರಿನ ಸ್ನಾನವನ್ನು ಬಿಟ್ಟು ಉಗುರುಬೆಚ್ಚಗಿನ ನೀರು ಸಾಕು. ಕಟುವಾದ ಸಾಬೂನು ಬೇಡ. ಮೈ ಒರೆಸಿದೊಡನೆ, ತೇವ ಆರುವ ಮೊದಲೇ, ಸುಗಂಧವಿಲ್ಲದ ಮುಲಾಮನ್ನೋ ವ್ಯಾಸಲೀನನ್ನೋ ಧಾರಾಳವಾಗಿ ಸವರಬೇಕು. ಮಕ್ಕಳ ಉಗುರನ್ನು ಕತ್ತರಿಸಿರಬೇಕು. ಕಲೆಯು ಎಂದಿನಿಂದ, ಎಲ್ಲಿ, ಯಾವ ಕೆಲಸದ ಅಥವಾ ಯಾವ ಒಡವೆಯ ನಂತರ ಎಂಬುದನ್ನು ಗುರುತು ಹಾಕಿಕೊಂಡು ವೈದ್ಯರ ಬಳಿಗೆ ಹೋದರೆ ಅರ್ಧ ಕೆಲಸ ಆದಂತೆಯೇ.

ನೂರು ಜನ ಉಣ್ಣುವ ಪಂಕ್ತಿಯಲ್ಲಿ ಇಸುಬುಳ್ಳವರು ಒಬ್ಬರೇ ಇರುವುದು ಅಪರೂಪ. ಹಲವರದು ಅಂಗಿಯ ತೋಳಿನೊಳಗೆ, ಸೀರೆಯ ಸೆರಗಿನೊಳಗೆ ಮರೆಯಾಗಿರುತ್ತದೆ. ಆದುದರಿಂದ ಮುಂದಿನ ಸಲ ಪಕ್ಕದವರ ಕೈಯಲ್ಲಿ ಅಂಥ ಕಲೆಯನ್ನು ಕಂಡಾಗ ನಾವು ನಮ್ಮ ಎಲೆಯನ್ನು ಇದ್ದಲ್ಲಿಯೇ ಇರಗೊಡಿಸೋಣ.